ಬಚ್ಚಲಿಗೆ ಗ್ಯಾಸ್ ಗೀಸರ್: ಸಿಲಿಂಡರ್ ಕನೆಕ್ಷನ್ ಕೊಡೋ ಮುಂಚೆ ಇದನ್ನೊಂದ್ಸಲ ಓದ್ಕೊಳ್ಳಿ

ಮಳೆಗಾಲ ಹಿಡೀತು ಅಂದ್ರೆ ನಂಗೆ ಫೋನ್ ಮೇಲೆ ಫೋನ್, ತೀರ್ಥಹಳ್ಳಿಯಿಂದ ಆಗಲಿ ಹೊಸನಗರದಿಂದ ಆಗಲಿ ಪ್ರಶ್ನೆ ಮಾತ್ರ ಒಂದೇ: "ಗ್ಯಾಸ್ ಗೀಸರ್ ತಂದಿದೀವಿ ಮಾರಾಯ್ರೆ, ಸಿಲಿಂಡರಿಗೆ ನಾವೇ ಸಿಗಿಸ್ಕೋಬಹುದಾ?" ಯಾಕೆ ಕೇಳ್ತಾರೆ ಅಂತ ನಮ್ಮ ಕಡೆಯೋರಿಗೆ ಹೇಳ್ಬೇಕಾಗಿಲ್ಲ. ಆಷಾಢದಲ್ಲಿ ಕಟ್ಟಿಗೆ ಎಲ್ಲ ಒದ್ದೆ, ಸೋಗೆ ಹಾಳೆ ಮೆತ್ತಗಾಗಿರುತ್ತೆ, ಹಂಡೆ ಒಲೆ ಹೊಗೆ ಬಿಟ್ಟು ಇನ್ನೆಂತದೂ ಕೊಡಲ್ಲ, ಕರೆಂಟ್ ಹೋದ್ರೆ ಯಾವಾಗ ಬರುತ್ತೆ ಅಂತ ಲೈನ್‌ಮನ್ನಿಗೂ ಗೊತ್ತಿರಲ್ಲ. ಗ್ಯಾಸ್ ಗೀಸರ್ ಆದ್ರೆ ಎರಡು ಸೆಲ್ ಹಾಕಿದ್ರೆ ಆಯ್ತು, ಕರೆಂಟಿನ ಹಂಗಿಲ್ಲ, ನಲ್ಲಿ ತಿರುಗಿಸಿದ್ ತಕ್ಷಣ ಬಿಸಿನೀರು.

ನಾವೇ ಸಿಗಿಸ್ಕೋಬಹುದಾ ಅನ್ನೋದಕ್ಕೆ ನನ್ನ ಉತ್ತರ ಏನಂದ್ರೆ, ಹೋಸ್ ಹಾಕೋದು ರೆಗ್ಯುಲೇಟರ್ ಕೂರಿಸೋದು ಕಷ್ಟದ ಕೆಲಸ ಏನಲ್ಲ, ಅಡುಗೆಮನೇಲಿ ಎಲ್ಲರೂ ಮಾಡೋದೇ. ಆದ್ರೆ ಗೀಸರನ್ನ ಎಲ್ಲಿ ನೇತು ಹಾಕ್ತೀರಿ ಅನ್ನೋದ್ರಲ್ಲಿ ತಪ್ಪು ಮಾಡಿದ್ರೆ, ಮುಂದೆ ಕನೆಕ್ಷನ್ ಎಷ್ಟೇ ಚೆನ್ನಾಗಿ ಕೊಟ್ರೂ ಪ್ರಯೋಜನ ಇಲ್ಲ. ಅದಕ್ಕೆ ಅಲ್ಲಿಂದಾನೇ ಶುರು ಮಾಡ್ತೀನಿ, ದಯವಿಟ್ಟು ಆ ಭಾಗ ಹಾರಿಸ್ಕೊಂಡು ಹೋಗ್ಬೇಡಿ.

ಗ್ಯಾಸ್ ಒಳಗೆ ಬರೋ ದಾರಿ, ಸುಟ್ಟ ಗಾಳಿ ಹೊರಗೆ ಹೋಗೋ ದಾರಿ

ಕನೆಕ್ಷನ್ ಅಂದ ತಕ್ಷಣ ಎಲ್ರಿಗೂ ಹೆದರಿಕೆ ಲೀಕಿಂದು, ಸಿಲಿಂಡರಿಂದು. ಲೀಕ್ ಆದ್ರೆ ವಾಸನೆ ಬರುತ್ತೆ. ಎಲ್‌ಪಿಜಿಗೆ ಅದರದ್ದೇ ಆದ ವಾಸನೆ ಹೆಚ್ಚೇನಿಲ್ಲ, ಲೀಕ್ ಆದ್ರೆ ಜನಕ್ಕೆ ಗೊತ್ತಾಗ್ಲಿ ಅಂತಾನೇ ಈಥೈಲ್ ಮರ್ಕಾಪ್ಟನ್ ಅನ್ನೋ ಕೆಟ್ಟ ವಾಸನೆಯ ರಾಸಾಯನಿಕ ಸೇರಿಸಿ ತುಂಬಿಸ್ತಾರೆ. ಅಂದ್ರೆ ಈ ಅಪಾಯ ಹೇಳಿ ಬರುತ್ತೆ. ಹೇಳದೆ ಬರೋದು ಇನ್ನೊಂದು, ಸುಟ್ಟ ಗಾಳಿ.

ಒಂದು ಲೆಕ್ಕ ಹಾಕೋಣ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸೋ ಮಾಮೂಲಿ ಗೀಸರ್ ಪೂರ್ತಿ ಉರಿದ್ರೆ ಗಂಟೆಗೆ ಹತ್ತಿರ ಹತ್ತಿರ 1 ಕೆಜಿ ಗ್ಯಾಸ್ ತಿನ್ನುತ್ತೆ. 1 ಕೆಜಿ ಎಲ್‌ಪಿಜಿ ಸರಿಯಾಗಿ ಸುಡಕ್ಕೆ ಸುಮಾರು 12 ಘನ ಮೀಟರ್ ಗಾಳಿ ಬೇಕು. ನೀವು 10 ನಿಮಿಷ ಸ್ನಾನ ಮಾಡಿದ್ರಿ ಅಂದ್ಕೊಳ್ಳಿ, 160 ಗ್ರಾಂ ಗ್ಯಾಸ್, 2 ಘನ ಮೀಟರ್ ಗಾಳಿ. ಈಗ ಐದಡಿ ಏಳಡಿಯ ಬಾತ್‌ರೂಮ್, ಎಂಟಡಿ ಎತ್ತರ, ಅದ್ರಲ್ಲಿರೋದೇ ಒಟ್ಟು 8 ಘನ ಮೀಟರ್ ಗಾಳಿ. ಅಂದ್ರೆ ಒಬ್ಬರು ಮಿಂದು ಬರೋದ್ರೊಳಗೆ ಕಾಲು ಭಾಗ ಗಾಳಿಯ ಆಮ್ಲಜನಕವನ್ನ ಗೀಸರೇ ಖಾಲಿ ಮಾಡಿರುತ್ತೆ, ಅದೂ ಚಳಿ ಅಂತ ವೆಂಟಿಲೇಟರಿಗೆ ರಟ್ಟು ಕೊಟ್ಟು ಬಾಗಿಲ ಸಂದಿಗೆ ಗೋಣಿಚೀಲ ತುರುಕಿರೋ ಬಾತ್‌ರೂಮಲ್ಲಿ. ಆಮ್ಲಜನಕ ಕಮ್ಮಿ ಆಗ್ತಾ ಹೋದ ಹಾಗೆ ಉರಿ ಅರೆಬರೆ ಸುಡುತ್ತೆ, ಆಗ ಹುಟ್ಟೋದೇ ಕಾರ್ಬನ್ ಮೊನಾಕ್ಸೈಡ್. ಇದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ಕಣ್ಣು ಉರಿಯಲ್ಲ ಕೆಮ್ಮು ಬರಲ್ಲ. ರಕ್ತದಲ್ಲಿ ಆಮ್ಲಜನಕ ಹೊರೋ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಗಟ್ಟಿಯಾಗಿ ಅಂಟ್ಕೊಳ್ಳುತ್ತೆ. ತಲೆ ಭಾರ, ವಾಕರಿಕೆ, ಕಾಲಲ್ಲಿ ಶಕ್ತಿ ಇಲ್ಲ, ಬಿಸಿನೀರು ಜಾಸ್ತಿ ಆಯ್ತೇನೋ ಅಂದ್ಕೊಳ್ಳೋದ್ರೊಳಗೆ ಮನುಷ್ಯ ಬಿದ್ದಿರ್ತಾನೆ, ಚಿಲಕ ಒಳಗಿಂದ ಹಾಕಿರುತ್ತೆ. ಗೀಸರ್ ಸಾವು ಅಂತ ಪೇಪರಲ್ಲಿ ಬರುತ್ತಲ್ಲ, ಅದ್ರಲ್ಲಿ ಎಷ್ಟೋ ಕಡೆ ಸಿಡಿದಿದ್ದು ಏನೂ ಇರಲ್ಲ, ಗೋಡೆಗೆ ಒಂದು ಮಸಿ ಕೂಡ ಆಗಿರಲ್ಲ.

ಹಂತ 1: ಜಾಗ

ಗೀಸರ್ ಬಾತ್‌ರೂಮ್ ಒಳಗೆ ಬೇಡ. ಇದ್ರಲ್ಲಿ ನಾನು ರಾಜಿ ಆಗಲ್ಲ. ಅಂಗಡಿಯೋರು "ದೊಡ್ಡ ಕಿಟಕಿ ಇದ್ರೆ ಏನಾಗಲ್ಲ" ಅಂತಾರೆ, ಕಿಟಕಿ ದೊಡ್ಡದೇ ಇರುತ್ತೆ, ಡಿಸೆಂಬರ್ ಬೆಳಿಗ್ಗೆ ಐದೂವರೆಗೆ ಅದನ್ನ ತೆಗೆದಿಟ್ಟು ಮೀಯೋರು ಯಾರು ಹೇಳಿ. ಎಕ್ಸಾಸ್ಟ್ ಫ್ಯಾನ್ ಇದೆ ಅನ್ನೋದೂ ಧೈರ್ಯ ಅಲ್ಲ: ಕರೆಂಟ್ ಇಲ್ದಾಗ ಬೇಕು ಅಂತ ತಂದ ಗೀಸರಿಗೆ ಕರೆಂಟಿನ ಫ್ಯಾನ್ ಕಾವಲು ಇಟ್ರೆ ಆಯ್ತಾ? ಅದೂ ಅಲ್ದೆ ಮುಚ್ಚಿದ ಕೋಣೇಲಿ ಫ್ಯಾನ್ ಗಾಳಿ ಎಳೆಯಕ್ಕೆ ಶುರು ಮಾಡಿದ್ರೆ, ಗೀಸರ್ ಹೊಗೆ ಕೊಳವೆಯಿಂದ ಮೇಲೆ ಹೋಗ್ಬೇಕಾದ ಸುಟ್ಟ ಗಾಳಿ ವಾಪಸ್ ಒಳಗೇ ಬರೋದೂ ಉಂಟು.

ಗೀಸರನ್ನ ಹೊರಗೋಡೆಗೆ, ಹಿಂದಿನ ಜಗಲಿಗೆ, ಪಾತ್ರೆ ತೊಳೆಯೋ ಜಾಗಕ್ಕೆ, ಎಲ್ಲಿ ಎರಡು ಕಡೆ ಬಯಲು ಇದೆಯೋ ಅಲ್ಲಿಗೆ ಹಾಕಿ, ಬಿಸಿನೀರಿನ ಪೈಪನ್ನ ಮಾತ್ರ ಗೋಡೆ ತೂತು ಮಾಡಿ ಒಳಗೆ ತಗೊಳ್ಳಿ. ಆ ಪೈಪ್ ಸಿಪಿವಿಸಿ ಆಗಿರ್ಲಿ, ಬಿಸಿನೀರು ತಡೆಯೋ ಕೆನೆ ಬಣ್ಣದ್ದು. ಮಾಮೂಲಿ ಪಿವಿಸಿ ಬಿಸಿಗೆ ಬಾಗುತ್ತೆ.

ಹೊರಗೆ ಹಾಕುವಾಗ ನಮ್ಮ ಕಡೆ ಎರಡು ತಲೆನೋವು. ಒಂದು ಇರಚಲು, ಇನ್ನೊಂದು ಗಾಳಿ. ಆಗುಂಬೆ ಕಡೆ ಮಳೆ ಮೇಲಿಂದ ಬೀಳಲ್ಲ, ಅಡ್ಡ ಬರುತ್ತೆ, ಗೀಸರ್ ಒಳಗೆ ನೀರು ಹೋದ್ರೆ ಸೆಲ್ ಡಬ್ಬಿ ಕಿಲುಬು ಹಿಡಿಯುತ್ತೆ, ಗಾಳಿ ಹೊಡೆದ್ರೆ ಉರಿ ಆರುತ್ತೆ. ಅದಕ್ಕೆ ಮಳೆ ಹೊಡೆಯೋ ದಿಕ್ಕು ಬಿಟ್ಟು ಇನ್ನೊಂದು ಗೋಡೆ ನೋಡಿ, ಮೇಲೆ ಒಂದು ಶೀಟ್ ಮಾಡು ಇಳಿಸಿ. ಆದ್ರೆ ಮಳೆ ಬರುತ್ತೆ ಅಂತ ಸುತ್ತ ಟಾರ್ಪಾಲ್ ಕಟ್ಟಿ ಪೆಟ್ಟಿಗೆ ತರ ಮಾಡ್ಬೇಡಿ, ಆಗ ಹೊರಗಿದ್ರೂ ಬಾತ್‌ರೂಮಿನ ಕಥೆನೇ. ಗೀಸರ್ ಬಾಯಿ ಬಾತ್‌ರೂಮಿನ ಅಥವಾ ಮಲಗೋ ಕೋಣೆಯ ಕಿಟಕಿ ಕೆಳಗೆ ಬರದೇ ಇರೋ ಹಾಗೂ ನೋಡ್ಕೊಳ್ಳಿ, ಸುಟ್ಟ ಗಾಳಿ ಬಿಸಿ ಇರುತ್ತೆ, ಮೇಲಕ್ಕೆ ಹೋಗಿ ಕಿಟಕಿಯಿಂದ ಒಳಗೆ ನುಗ್ಗುತ್ತೆ.

ಸಿಲಿಂಡರ್ ಜಾಗಕ್ಕೆ ಲೆಕ್ಕ ಬೇರೆ. ಎಲ್‌ಪಿಜಿ ಗಾಳಿಗಿಂತ ಭಾರ, ಲೀಕ್ ಆದ್ರೆ ಮೇಲೆ ಹೋಗಲ್ಲ, ನೀರಿನ ಹಾಗೆ ತಗ್ಗು ಹುಡುಕ್ಕೊಂಡು ಹೋಗುತ್ತೆ. ಹಳೇ ಮನೆಗಳಲ್ಲಿ ಬಚ್ಚಲು ಒಂದು ಮೆಟ್ಟಿಲು ಕೆಳಗಿರುತ್ತಲ್ಲ, ಅಲ್ಲಿ ಸಿಲಿಂಡರ್ ಇಟ್ರೆ ಲೀಕಾದ ಗ್ಯಾಸ್ ಅಲ್ಲೇ ನಿಲ್ಲುತ್ತೆ, ಬಚ್ಚಲ ಗುಂಡಿ ಮೋರಿ ಒಳಗೂ ಇಳಿಯುತ್ತೆ. ಅದೇ ಬಚ್ಚಲಲ್ಲಿ ಹಂಡೆ ಒಲೆ ಕೆಂಡ ಇದ್ರೆ? ಹಂಡೆ ಒಲೆ ಇರೋ ಜಾಗಕ್ಕೆ ಸಿಲಿಂಡರ್ ತರಲೇಬೇಡಿ, "ಒಲೆ ಈಗ ಉರಿಸಲ್ಲ" ಅಂದೋರು ಸಿಲಿಂಡರ್ ಖಾಲಿ ಆದ ದಿನ ಉರಿಸೇ ಉರಿಸ್ತಾರೆ. ಸಮ ನೆಲ, ನೆಲಮಟ್ಟಕ್ಕಿಂತ ತಗ್ಗಲ್ಲದ ಜಾಗ, ಸ್ವಿಚ್ ಬೋರ್ಡಿಂದ ದೂರ, ಸಿಲಿಂಡರ್ ಯಾವಾಗ್ಲೂ ನೆಟ್ಟಗೆ ನಿಂತಿರ್ಬೇಕು. ಒದ್ದೆ ನೆಲದ ಮೇಲೆ ನೇರ ಇಟ್ರೆ ಕೆಳಗಿನ ರಿಂಗ್ ತುಕ್ಕು ಹಿಡಿಯುತ್ತೆ, ಟ್ರಾಲಿ ಮೇಲೆ ಇಡಿ.

ಹಂತ 2: ಸಾಮಾನು ತರುವಾಗ

ಗೀಸರ್ ಮೇಲೆ ಐಎಸ್‌ಐ ಮಾರ್ಕ್ ಜೊತೆ ಐಎಸ್ 15558 ಅಂತ ಇದೆಯಾ ನೋಡಿ, ಎಲ್‌ಪಿಜಿ ಗೀಸರಿಗೆ ಇರೋ ಭಾರತೀಯ ಮಾನಕ ಅದು. ಪಕ್ಕದ ಪ್ಲೇಟಲ್ಲಿ ಎಲ್‌ಪಿಜಿ ಅಂತಾನೇ ಬರೆದಿರ್ಬೇಕು. ಬೆಂಗಳೂರಲ್ಲಿರೋ ನೆಂಟರು ಪೈಪ್ ಗ್ಯಾಸಿನ ಗೀಸರ್ ಹಳೇದು ಕೊಡ್ತೀನಿ ಅಂದ್ರೆ ಬೇಡ ಅನ್ನಿ, ಅದು ನೈಸರ್ಗಿಕ ಅನಿಲಕ್ಕೆ ಅಂತ ಮಾಡಿದ್ದು, ಅದರ ಜೆಟ್ ತೂತು ದೊಡ್ಡದು, ನಮ್ಮ ಸಿಲಿಂಡರಿಗೆ ಸಿಗಿಸಿದ್ರೆ ಉರಿ ಹಳದಿಯಾಗಿ ಎದ್ದು ಮಸಿ ಕಟ್ಟುತ್ತೆ. (ಜೆಟ್ ಅಂದ್ರೆ ಬರ್ನರಿಗೆ ಗ್ಯಾಸ್ ಚಿಮ್ಮೋ ಸಣ್ಣ ಹಿತ್ತಾಳೆ ತೂತು.)

ರೆಗ್ಯುಲೇಟರ್ ಅಂದ್ರೆ ಸಿಲಿಂಡರ್ ಒಳಗಿನ ಜೋರು ಒತ್ತಡವನ್ನ ಒಲೆ ತಡೆಯೋ ಮಟ್ಟಕ್ಕೆ ಇಳಿಸೋ ಸಾಧನ. ಮನೆ ಸಿಲಿಂಡರಿಂದು ಸುಮಾರು 30 ಮಿಲಿಬಾರಿಗೆ ಇಳಿಸುತ್ತೆ, ಅದನ್ನ ಹೆಚ್ಚು ಕಮ್ಮಿ ಮಾಡಕ್ಕೆ ಬರಲ್ಲ, ಬರಬಾರದು ಕೂಡ. ನಮ್ಮ ಕಡೆ ಮದುವೆ ಅಡುಗೆ ಒಲೆಗೆ, ಅಡಿಕೆ ಬೇಯಿಸೋ ಗ್ಯಾಸ್ ಒಲೆಗೆ ಅಂತ ತಿರುಪು ಇರೋ ಹೈ ಪ್ರೆಶರ್ ರೆಗ್ಯುಲೇಟರ್ ಮನೇಲಿ ಬಿದ್ದಿರುತ್ತೆ, "ಇದನ್ನೇ ಹಾಕಿದ್ರೆ ನೀರು ಬೇಗ ಕಾಯುತ್ತೆ" ಅಂತ ಹಾಕಿಬಿಡ್ತಾರೆ. ಬೇಗ ಕಾಯಲ್ಲ, ಗೀಸರ್ ಒಳಗಿನ ವಾಲ್ವ್ ಹೋಗಿ ಉರಿ ಹೊರಗೆ ಬರುತ್ತೆ. ಏಜೆನ್ಸಿಯಲ್ಲಿ ಕೊಡೋ ಮಾಮೂಲಿ ರೆಗ್ಯುಲೇಟರೇ ಬೇಕು, ಅದ್ರ ಮೇಲೆ ಐಎಸ್ 9798 ಇರುತ್ತೆ.

ಹೋಸ್ ಅಂದ್ರೆ ಕಿತ್ತಳೆ ಬಣ್ಣದ ಸುರಕ್ಷಾ ಹೋಸ್, ಒಳಗೆ ಸ್ಟೀಲ್ ತಂತಿ ಹೆಣೆದಿರೋದು, ಐಎಸ್ 9573. ಉದ್ದ 1.2 ಅಥವಾ 1.5 ಮೀಟರ್. ಅದ್ರ ಮೇಲೆ ತಯಾರಾದ ತಿಂಗಳು ವರ್ಷ ಅಚ್ಚಾಗಿರುತ್ತೆ, ಐದು ವರ್ಷ ಆದ್ಮೇಲೆ ಚೆನ್ನಾಗೇ ಕಂಡ್ರೂ ಬದಲಾಯಿಸ್ಬೇಕು. ಹಸಿರು ಪೈಪು, ತೋಟಕ್ಕೆ ಔಷಧಿ ಹೊಡೆಯೋ ಪೈಪು (ನಗಬೇಡಿ, ಕಂಡಿದೀನಿ) ಇವೆಲ್ಲ ಬೇಡ.

ಇಷ್ಟು ಬಿಟ್ರೆ ಹೋಸ್ ಕ್ಲಿಪ್ಪು, ಗೀಸರ್ ಜೊತೆ ಬರೋ ಹಿತ್ತಾಳೆ ನಾಝಲ್ ಮತ್ತು ರಬ್ಬರ್ ವಾಶರ್, ಎರಡು ಸ್ಪ್ಯಾನರ್, ಒಂದು ಲೋಟದಲ್ಲಿ ಸೋಪು ನೀರು, ಹಳೇ ಬ್ರಶ್.

ಹಂತ 3: ಮೊದ್ಲು ನೀರು, ಆಮೇಲೆ ಗ್ಯಾಸು

ಗೀಸರ್ ಕೆಳಗೆ ಮೂರು ಬಾಯಿ ಇರುತ್ತೆ: ತಣ್ಣೀರು, ಬಿಸಿನೀರು, ಗ್ಯಾಸ್. ಮೂರೂ ನೋಡಕ್ಕೆ ಒಂದೇ ತರ, ಥ್ರೆಡ್ಡೂ ಬಹುಪಾಲು ಒಂದೇ ಅಳತೆ. ಬರೆದಿರೋದು ಓದದೆ ಗ್ಯಾಸ್ ಬಾಯಿಗೆ ನೀರು ಕೊಟ್ಟೋರು ಇದಾರೆ, ನೀರು ಒಳಗೆ ಹೋದ್ರೆ ಗ್ಯಾಸ್ ವಾಲ್ವ್ ಕೆಟ್ಟಿತು, ಗೀಸರ್ ವಾಪಸ್ ಅಂಗಡಿಗೆ. ಟಾರ್ಚ್ ಹಿಡ್ಕೊಂಡು ಓದಿ, ಗ್ಯಾಸ್ ಬಾಯಿಗೆ ಒಂದು ಟೇಪ್ ತುಂಡು ಅಂಟಿಸಿಬಿಡಿ.

ನೀರಿನ ಒತ್ತಡಕ್ಕೂ ಗ್ಯಾಸಿಗೂ ಒಳಗೆ ನಂಟಿದೆ. ನೀರು ಹರಿದಾಗ ಡಯಾಫ್ರಮ್ ಅನ್ನೋ ರಬ್ಬರ್ ಪರದೆ ಉಬ್ಬಿ ಗ್ಯಾಸ್ ವಾಲ್ವನ್ನ ತಳ್ಳುತ್ತೆ, ನೀರು ನಿಂತ್ರೆ ಅದು ಕೂತು ಗ್ಯಾಸ್ ಮುಚ್ಚುತ್ತೆ. ಅಂದ್ರೆ ಟ್ಯಾಂಕ್ ಎತ್ತರ ಸಾಲದಿದ್ರೆ ಗೀಸರ್ ಹೊತ್ತಲ್ಲ, ಕಮ್ಮಿ ಅಂದ್ರೂ ಎರಡು ಎರಡೂವರೆ ಮೀಟರ್ ಮೇಲೆ ಟ್ಯಾಂಕ್ ಇರ್ಲಿ. ಅಬ್ಬಿ ನೀರು ಇರೋರ ಮನೇಲಿ ಇನ್ನೊಂದು ಕಥೆ, ಗುಡ್ಡದಿಂದ ದಬ್ಬೆಯಲ್ಲೋ ಪೈಪಲ್ಲೋ ಬರೋ ನೀರಲ್ಲಿ ಎಲೆ ಚೂರು, ಮರಳು, ಗೊದಮೊಟ್ಟೆ ಎಲ್ಲ ಇರುತ್ತೆ, ತಣ್ಣೀರಿನ ಬಾಯಲ್ಲಿರೋ ಜಾಲರಿ ತಿಂಗಳಿಗೇ ಕಟ್ಟುತ್ತೆ. ಗೀಸರ್ ಕೆಟ್ಟಿದೆ ಬನ್ನಿ ಅಂತ ಕರೆದು, ನಾನು ಹೋಗಿ ಜಾಲರಿ ಬಿಚ್ಚಿ ತೊಳೆದು ಕೊಟ್ಟು ಬಂದಿದ್ದು ಲೆಕ್ಕ ಇಲ್ಲ. ಜೋಡಿಸೋ ಮುಂಚೆ ಪೈಪಲ್ಲಿ ಒಂದು ಬಕೆಟ್ ನೀರು ಹಾಗೇ ಹರಿಸಿ ಬಿಡಿ.

ನೀರಿನ ಥ್ರೆಡ್ಡಿಗೆ ಬಿಳಿ ಟೆಫ್ಲಾನ್ ಟೇಪ್ ಸುತ್ತಿ ಜೋಡಿಸಿ, ನೀರು ಬಿಟ್ಟು ಸೋರಿಕೆ ನೋಡಿ. ಸೆಲ್ ಹಾಕಿ ನಲ್ಲಿ ತಿರುಗಿಸಿದ್ರೆ ಟಕಟಕ ಕಿಡಿ ಶಬ್ದ ಬರ್ಬೇಕು. ಬಂತಾ, ನೀರಿನ ಕಡೆ ಸರಿ ಇದೆ ಅಂತ ಅರ್ಥ. ಈಗ ಸೆಲ್ ತೆಗೆದಿಡಿ.

ಹಂತ 4: ಹೋಸ್

ನಾಝಲ್ ಅಂದ್ರೆ ಹೋಸ್ ತೂರಿಸೋ ಗೆರೆ ಗೆರೆ ಮೂತಿ. ಅದನ್ನ ವಾಶರ್ ಇಟ್ಟು ಗೀಸರ್ ಗ್ಯಾಸ್ ಬಾಯಿಗೆ ಕೈಯಲ್ಲೇ ತಿರುಗಿಸಿ, ಥ್ರೆಡ್ ಸೊಟ್ಟ ಹತ್ತಿದ್ರೆ ಅಲ್ಲೇ ಗೊತ್ತಾಗುತ್ತೆ. ಆಮೇಲೆ ಒಂದು ಸ್ಪ್ಯಾನರಲ್ಲಿ ಗೀಸರಿನ ಪೈಪನ್ನ ಅಲ್ಲಾಡದ ಹಾಗೆ ಹಿಡ್ಕೊಂಡು ಇನ್ನೊಂದರಲ್ಲಿ ನಟ್ ಬಿಗಿ ಮಾಡಿ. ಒಂದೇ ಸ್ಪ್ಯಾನರಲ್ಲಿ ತಿರುಗಿಸಿದ್ರೆ ಒಳಗಿನ ಪೈಪೇ ತಿರುಚ್ಕೊಂಡು ಕಾಣದ ಕಡೆ ಲೀಕ್ ಶುರುವಾಗುತ್ತೆ. ಇಲ್ಲಿ ಸೀಲ್ ಮಾಡೋದು ವಾಶರ್, ಟೇಪ್ ಅಲ್ಲ, ಎಂ-ಸೀಲು ಪೇಂಟು ಸೆಣಬು ಇವಂತೂ ಅಲ್ವೇ ಅಲ್ಲ. ವಾಶರ್ ಹಳೇದು ಗಟ್ಟಿಯಾಗಿದ್ರೆ ಹೊಸದು ಹಾಕಿ.

ಮೊದ್ಲು ಕ್ಲಿಪ್ಪನ್ನ ಹೋಸಿಗೆ ಏರಿಸ್ಕೊಳ್ಳಿ (ಆಮೇಲೆ ಏರಲ್ಲ, ಎಲ್ರೂ ಮರೆಯೋದು ಇದೇ). ಹೋಸ್ ತುದಿ ನಾಝಲಿನ ಎಲ್ಲ ಗೆರೆ ಮುಚ್ಚೋ ತನಕ ಒಳಗೆ ಹೋಗ್ಬೇಕು. ಬಿಗಿ ಇದ್ರೆ ತುದಿಯನ್ನ ಒಂದು ನಿಮಿಷ ಬೆಚ್ಚಗಿನ ನೀರಲ್ಲಿ ಅದ್ದಿ ತೂರಿಸಿ. ಕೊಬ್ಬರಿ ಎಣ್ಣೆ ಸೀಮೆಎಣ್ಣೆ ಹಚ್ಚೋದು, ಲೈಟರಿಂದ ಕಾಯಿಸೋದು ಬೇಡ, ಎಣ್ಣೆ ರಬ್ಬರನ್ನ ತಿನ್ನುತ್ತೆ, ನುಣುಪಾಗಿ ಕೂತಿದ್ದು ಅಷ್ಟೇ ನುಣುಪಾಗಿ ಜಾರುತ್ತೆ. ಕ್ಲಿಪ್ ಬಿಗಿ ಮಾಡುವಾಗ ರಬ್ಬರ್ ಕತ್ತರಿಸೋ ತನಕ ಹೋಗ್ಬೇಡಿ.

ಹೋಸ್ ಪೂರ್ತಿ ಉದ್ದಕ್ಕೂ ಕಣ್ಣಿಗೆ ಕಾಣ್ತಿರ್ಬೇಕು. ಗೋಡೆ ಒಳಗಿಂದ, ಬಾಗಿಲ ಸಂದಿಯಿಂದ, ಕಿಟಕಿ ಚೌಕಟ್ಟಿನ ಮಧ್ಯದಿಂದ ಎಳೀಬೇಡಿ. ಸಿಲಿಂಡರ್ ದೂರ ಇದೆ ಅಂತ ಎರಡು ಹೋಸ್ ಜಾಯಿಂಟ್ ಮಾಡ್ಬೇಡಿ, ಸಿಲಿಂಡರನ್ನ ಹತ್ತಿರ ತನ್ನಿ. ಹಾಗಂತ ಗೀಸರಿನ ಸರಿ ಕೆಳಗೂ ಬೇಡ, ಒಂದು ಪಕ್ಕಕ್ಕೆ ಇರ್ಲಿ. ಹತ್ತಿರ ತರೋದು ಆಗೋದೇ ಇಲ್ಲ ಅಂದ್ರೆ ಗೋಡೆ ಮೇಲೆ ತಾಮ್ರದ ಪೈಪ್ ಲೈನ್ ಹಾಕಿಸ್ಬೇಕು, ಅದು ನೀವು ಮಾಡೋ ಕೆಲಸ ಅಲ್ಲ, ಪ್ಲಂಬರ್ ಕೆಲಸಾನೂ ಅಲ್ಲ, ಏಜೆನ್ಸಿಯ ತರಬೇತಿ ಪಡೆದ ಮೆಕ್ಯಾನಿಕ್ ಕೆಲಸ.

"ಅಡುಗೆಮನೆ ಸಿಲಿಂಡರಿಗೇ ಟಿ ಹಾಕಿ ಗೀಸರಿಗೂ ಕೊಡಬಹುದಾ?" ಇದನ್ನ ಕೇಳದೇ ಇರೋ ಮನೆ ಇಲ್ಲ. ರಬ್ಬರ್ ಹೋಸ್ ಕತ್ತರಿಸಿ ಮಧ್ಯ ಟಿ ಜಾಯಿಂಟ್ ಹಾಕೋದು ಬೇಡ. ಮೂರು ಹೊಸ ಜೋಡಣೆ ಅಂದ್ರೆ ಮೂರು ಹೊಸ ಲೀಕ್ ಜಾಗ, ಜೊತೆಗೆ ಗೀಸರ್ ಹೊತ್ತಿದ ಕೂಡ್ಲೇ ಒಲೆ ಉರಿ ಕುಗ್ಗಿ ಹಾಲಿಟ್ಟೋರು ಬೈತಾರೆ. ಎರಡು ಸಿಲಿಂಡರ್ ಕನೆಕ್ಷನ್ ಇದ್ರೆ ಒಂದನ್ನ ಗೀಸರಿಗೆ ಅಂತ ಇಟ್ಕೊಂಡು, ಇನ್ನೊಂದು ರೆಗ್ಯುಲೇಟರ್ ಬಗ್ಗೆ ನಿಮ್ಮ ಏಜೆನ್ಸಿಯಲ್ಲೇ ಕೇಳಿ. ಹೋಮ್‌ಸ್ಟೇ ನಡೆಸೋರಿಗೆ ಒಂದು ಮಾತು: ಮನೆ ಬಳಕೆಯ 14.2 ಕೆಜಿ ಸಿಲಿಂಡರನ್ನ ಗೆಸ್ಟ್ ಬಾತ್‌ರೂಮಿಗೆ ಹಾಕೋದು ಕಾನೂನಿಗೆ ವಿರುದ್ಧ, ವಾಣಿಜ್ಯ ಬಳಕೆಗೆ 19 ಕೆಜಿಯದ್ದೇ ತಗೊಳ್ಬೇಕು. ಮತ್ತೆ ಗೆಸ್ಟುಗಳಿಗೆ ಈ ಗೀಸರ್ ಬಗ್ಗೆ ಏನೂ ಗೊತ್ತಿರಲ್ಲ, ನಿಮ್ಮಲ್ಲಂತೂ ಅದು ಹೊರಗೇ ಇರ್ಬೇಕು.

ಹಂತ 5: ರೆಗ್ಯುಲೇಟರ್ ಕೂರಿಸೋದು

ಹತ್ತಿರದಲ್ಲಿ ದೇವರ ದೀಪ, ಊದುಬತ್ತಿ, ಹಂಡೆ ಒಲೆ, ಬೀಡಿ ಯಾವುದೂ ಇಲ್ಲ ಅಂತ ನೋಡಿ. ಸಿಲಿಂಡರ್ ಮೇಲಿನ ಬಿಳಿ ಮುಚ್ಚಳ ತೆಗೀರಿ, ಆದ್ರೆ ದಾರ ಕಿತ್ತು ಎಸೀಬೇಡಿ, ಅದು ಅಲ್ಲೇ ನೇತಾಡ್ತಿರ್ಲಿ, ಮುಂದೆ ಬೇಕಾಗುತ್ತೆ. ವಾಲ್ವ್ ಬಾಯಿ ಒಳಗೆ ಇಣುಕಿ, ಕಪ್ಪು ರಬ್ಬರ್ ಬಳೆ ಕಾಣುತ್ತಲ್ಲ, ಅದೇ ಓ ರಿಂಗ್. ಇದೆಯಾ, ಹರಿದಿದೆಯಾ ನೋಡಿ. ಇಲ್ದಿದ್ರೆ, ಹರಿದಿದ್ರೆ, ಅಥವಾ ಮುಚ್ಚಳ ತೆಗೆದ ಕೂಡ್ಲೇ ಸುಯ್ ಅಂತ ಶಬ್ದ ಬಂದ್ರೆ ಮುಚ್ಚಳ ವಾಪಸ್ ಒತ್ತಿ ಸಿಲಿಂಡರ್ ಹೊರಗಿಟ್ಟು ಏಜೆನ್ಸಿಗೆ ಫೋನ್ ಮಾಡಿ. ಹಳೇ ಸಿಲಿಂಡರಿನ ರಿಂಗ್ ಪಿನ್ನಲ್ಲಿ ಎಬ್ಬಿಸಿ ಇದಕ್ಕೆ ಹಾಕೋ ಜಾಣತನ ಬೇಡ.

ರೆಗ್ಯುಲೇಟರಿನ ಸ್ವಿಚ್ ಆಫ್ ಕಡೆ ಇದೆಯಾ ನೋಡ್ಕೊಂಡು, ಕೆಳಗಿನ ಕಪ್ಪು ಬುಷ್ಷನ್ನ ಬೆರಳಲ್ಲಿ ಮೇಲಕ್ಕೆ ಎತ್ತಿ ಹಿಡಿದು, ವಾಲ್ವ್ ಮೇಲೆ ನೆಟ್ಟಗೆ ಇಟ್ಟು ಸ್ವಲ್ಪ ಆಚೀಚೆ ತಿರುಗಿಸ್ತಾ ಒತ್ತಿ. ಪೂರ್ತಿ ಕೂತ್ಮೇಲೆ ಬುಷ್ ಬಿಡಿ, ಟಕ್ ಅನ್ನುತ್ತೆ. ಮೇಲಕ್ಕೆ ಎಳೆದು ನೋಡಿ, ಬರಬಾರದು. ರೆಗ್ಯುಲೇಟರ್ ಆಫ್ ಇರುವಾಗಲೇ ಹೋಸಿನ ಇನ್ನೊಂದು ತುದಿಯನ್ನೂ ಅದರ ಮೂತಿಗೆ ಪೂರ್ತಿ ಒತ್ತಿ ಕೂರಿಸಿರ್ಬೇಕು, ಇದು ಸಡಿಲ ಇದ್ರೆ ಮುಂದಿನದೆಲ್ಲ ವ್ಯರ್ಥ.

ಹಂತ 6: ಸೋಪು ನೀರು

ಗೀಸರ್ ಹೊತ್ತಿಸೋ ಮುಂಚೆ ಇದಾಗ್ಲೇಬೇಕು. ನೀರಿನ ನಲ್ಲಿ ಬಂದ್ ಇರ್ಲಿ, ಸೆಲ್ ಹೊರಗೇ ಇರ್ಲಿ, ರೆಗ್ಯುಲೇಟರ್ ಆನ್ ಮಾಡಿ. ನಾಲ್ಕು ಜಾಗಕ್ಕೆ ಸೋಪಿನ ನೊರೆ ಬ್ರಶ್ಶಲ್ಲಿ ಹಚ್ಚಿ: ಸಿಲಿಂಡರ್ ವಾಲ್ವ್ ಮತ್ತು ರೆಗ್ಯುಲೇಟರ್ ಸೇರೋ ಕಡೆ, ರೆಗ್ಯುಲೇಟರ್ ಮತ್ತು ಹೋಸ್, ಹೋಸ್ ಮತ್ತು ನಾಝಲ್, ನಾಝಲ್ ನಟ್ ಗೀಸರಿಗೆ ಸೇರೋ ಕಡೆ. ಹಚ್ಚಿ ತಕ್ಷಣ ಸರಿ ಇದೆ ಅಂತ ಎದ್ದು ಹೋಗ್ಬೇಡಿ. ದೊಡ್ಡ ಲೀಕ್ ಬುರುಬುರು ಅಂತ ನೊರೆ ಎಬ್ಬಿಸುತ್ತೆ, ಅದು ಯಾರಿಗಾದ್ರೂ ಕಾಣುತ್ತೆ. ಸಣ್ಣದು ಹಾಗಲ್ಲ, ನಟ್ಟಿನ ಅಂಚಲ್ಲಿ ಒಂದೇ ಒಂದು ಗುಳ್ಳೆ ಸಾಸಿವೆ ಕಾಳಿನಷ್ಟು ಹುಟ್ಟಿ, ನಿಧಾನ ಕಾಳುಮೆಣಸಿನಷ್ಟಾಗಿ, ಒಡೆದು, ಮತ್ತೆ ಅದೇ ಜಾಗದಲ್ಲಿ ಇನ್ನೊಂದು ಹುಟ್ಟುತ್ತೆ. ಅದೇ ಜಾಗದಲ್ಲಿ ಮತ್ತೆ ಹುಟ್ಟಿದ್ರೆ ಅದು ಲೀಕ್. ಒಂದೊಂದು ಜೋಡಣೆಗೂ ಒಂದು ನಿಮಿಷ ಕಣ್ಣಿಟ್ಟು ಕೂರಿ, ನಟ್ಟಿನ ಹಿಂಭಾಗ ಕಾಣ್ದಿದ್ರೆ ಸಣ್ಣ ಕನ್ನಡಿ ಹಿಡೀರಿ.

ಗುಳ್ಳೆ ಕಂಡ್ರೆ ರೆಗ್ಯುಲೇಟರ್ ಆಫ್, ಬಿಚ್ಚಿ ವಾಶರ್ ನೋಡಿ ಮತ್ತೆ ಜೋಡಿಸಿ ಮತ್ತೆ ನೊರೆ. ಎರಡು ಸಲ ಮಾಡಿದ್ಮೇಲೂ ನಿಲ್ಲದಿದ್ರೆ ಹಟ ಹಿಡೀದೆ ಮೆಕ್ಯಾನಿಕ್ ಕರೀರಿ. ಇನ್ನು ಬೆಂಕಿಕಡ್ಡಿ ಗೀರಿ ಲೀಕ್ ಹುಡುಕೋರಿಗೆ ನಾನು ಏನು ಹೇಳ್ಲಿ, ಗಾಳಿಯಲ್ಲಿ ನೂರಕ್ಕೆ 2 ಪಾಲು ಎಲ್‌ಪಿಜಿ ಸೇರಿದ್ರೆ ಸಾಕು ಹೊತ್ತಕ್ಕೆ.

ಹಂತ 7: ಮೊದಲ ಸಲ ಹೊತ್ತಿಸೋದು

ಸೆಲ್ ಹಾಕಿ, ಗ್ಯಾಸ್ ತಿರುಪು ಕಮ್ಮಿಗೆ ಇಟ್ಟು, ಮುಖ ದೂರ ಇಟ್ಕೊಂಡು ನಲ್ಲಿ ತಿರುಗಿಸಿ. ಮೊದಲ ಸಲ ಹೊತ್ತಲ್ಲ, ಹೋಸ್ ಒಳಗೆ ಗಾಳಿ ಇರುತ್ತೆ. ನಾಲ್ಕೈದು ಸೆಕೆಂಡ್ ಕಿಡಿ ಹೊಡೆದ್ರೂ ಹೊತ್ತದಿದ್ರೆ ನಲ್ಲಿ ಬಂದ್ ಮಾಡಿ, ಒಂದು ನಿಮಿಷ ಕಾಯಿರಿ, ಮತ್ತೆ ತಿರುಗಿಸಿ. ಕಾಯದೆ ಟಕಟಕ ಅನ್ನಿಸ್ತಾನೇ ಇದ್ರೆ ಹೊತ್ತದ ಗ್ಯಾಸ್ ಪೆಟ್ಟಿಗೆ ಒಳಗೆ ಸೇರ್ಕೊಂಡು, ಕೊನೆಗೆ ಕಿಡಿ ಸಿಕ್ಕಾಗ ಧಡ್ ಅಂತ ಒಟ್ಟಿಗೆ ಹೊತ್ತುತ್ತೆ, ಹುಬ್ಬು ಹೋಗುತ್ತೆ.

ಹೊತ್ತಿದ್ಮೇಲೆ ಗಾಜಿನ ಕಿಂಡಿಯಲ್ಲಿ ಉರಿ ನೋಡಿ. ನೀಲಿ ಇರ್ಬೇಕು, ಸಾಲಾಗಿ ನಿಂತಿರ್ಬೇಕು. ಬತ್ತಿ ದೀಪದ ಹಾಗೆ ಹಳದಿ ತುದಿ ಉದ್ದಕ್ಕೆ ಎದ್ದು ತೂಗಾಡ್ತಿದ್ರೆ ಗ್ಯಾಸ್ ಅರೆಬರೆ ಸುಡ್ತಿದೆ ಅಂತ, ಆಫ್ ಮಾಡಿ. ವರ್ಷಗಟ್ಟಲೆ ಸರಿ ಇದ್ದ ಗೀಸರಲ್ಲೂ ಇದು ಬರುತ್ತೆ, ಅದ್ರಲ್ಲೂ ಬೇಸಿಗೆ ಪೂರ್ತಿ ಬಳಸದೆ ಬಿಟ್ಟಿದ್ರೆ: ಜೇಡ ಬಲೆ ಕಟ್ಟಿರುತ್ತೆ, ಕಣಜದ ಹುಳ ಬರ್ನರ್ ಕೊಳವೆಗೆ ಮಣ್ಣಿನ ಗೂಡು ಮೆತ್ತಿರುತ್ತೆ, ಗಾಳಿ ಹೋಗೋ ದಾರಿ ಮುಚ್ಚಿರುತ್ತೆ. ಮಳೆಗಾಲದ ಮುಂಚೆ ಒಂದ್ಸಲ ಸರ್ವಿಸ್ ಮಾಡಿಸಿ ಅನ್ನೋದು ಇದಕ್ಕೇ.

ಹತ್ತು ನಿಮಿಷ ಉರಿಸಿ ಮತ್ತೊಂದ್ಸಲ ಸೋಪು ನೀರು ಹಚ್ಚಿ, ಬಿಸಿಗೆ ಜೋಡಣೆ ಸಡಿಲ ಆಗಿದ್ರೆ ಈಗ ತೋರಿಸುತ್ತೆ. ಸಿಲಿಂಡರ್ ಮೈ ತಣ್ಣಗಾಗಿ ಬೆವರಿದ್ರೆ ಹೆದರಬೇಡಿ, ಒಳಗಿನ ದ್ರವ ಆವಿ ಆಗುವಾಗ ಶಾಖ ಎಳ್ಕೊಳ್ಳುತ್ತೆ. ಚಳಿಗಾಲದ ಬೆಳಿಗ್ಗೆ, ಸಿಲಿಂಡರ್ ತಳ ಕಂಡಿರುವಾಗ, ಇದೇ ಕಾರಣಕ್ಕೆ ಉರಿ ಸಣ್ಣ ಆಗುತ್ತೆ. ಆಗ ಸಿಲಿಂಡರ್ ಮೇಲೆ ಬಿಸಿನೀರು ಹೊಯ್ಯೋದು, ಬುಡಕ್ಕೆ ಕೆಂಡ ಇಡೋದು, ಅಡ್ಡ ಮಲಗಿಸೋದು ಎಲ್ಲ ಮಾಡ್ತಾರೆ. ಅಡ್ಡ ಮಲಗಿಸಿದ್ರೆ ಆವಿ ಬದಲು ದ್ರವವೇ ರೆಗ್ಯುಲೇಟರಿಗೆ ಬರುತ್ತೆ, ಆ ದ್ರವ ಇನ್ನೂರು ಪಟ್ಟಿಗೂ ಮೇಲೆ ಹಿಗ್ಗುತ್ತೆ, ಉರಿ ಗೀಸರ್ ಬಿಟ್ಟು ಹೊರಗೆ ಬರುತ್ತೆ. ಸಿಲಿಂಡರ್ ಬದಲಾಯಿಸಿ, ಅಷ್ಟೇ.

ಗೀಸರ್ ಈಗಾಗ್ಲೇ ಬಾತ್‌ರೂಮ್ ಒಳಗಿದೆ, ಈಗ ಏನು ಮಾಡೋದು?

ಹೊರಗೆ ಹಾಕೋ ತನಕ ಹೀಗೆ ಮಾಡಿ: ಬಾಗಿಲು ತೆಗೆದಿಟ್ಟು ಬಕೆಟ್ಟಿಗೆ ನೀರು ತುಂಬಿಸ್ಕೊಳ್ಳಿ, ಗೀಸರ್ ಆಫ್ ಮಾಡಿ ರೆಗ್ಯುಲೇಟರೂ ಆಫ್ ಮಾಡಿ, ಐದು ನಿಮಿಷ ಬಾಗಿಲು ತೆಗೆದೇ ಬಿಟ್ಟು ಆಮೇಲೆ ಒಳಗೆ ಹೋಗಿ ಚಿಲಕ ಹಾಕ್ಕೊಳ್ಳಿ. ಶವರ್ ಕೆಳಗೆ ನಿಂತು ಗೀಸರ್ ಉರಿಸೋದು ಬೇಡ. ಎಷ್ಟೋ ಗೀಸರಲ್ಲಿ 20 ನಿಮಿಷಕ್ಕೆ ತಾನೇ ಆಫ್ ಆಗೋ ವ್ಯವಸ್ಥೆ ಇದೆ, ಆದ್ರೆ ಅದು ಗಾಳಿ ಅಳೆಯಲ್ಲ, ಗಡಿಯಾರ ಅಷ್ಟೇ ನೋಡುತ್ತೆ. ಅಲಾರಂ ಹಾಕಿಸ್ತೀವಿ ಅನ್ನೋರು ಗಮನಿಸಿ, ಗ್ಯಾಸ್ ಲೀಕ್ ಅಲಾರಂ ಬೇರೆ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇರೆ. ಮೊದಲನೇದು ನೆಲದಿಂದ ಒಂದಡಿ ಎತ್ತರಕ್ಕೆ, ಎರಡನೇದು ತಲೆ ಎತ್ತರಕ್ಕೆ. ಒಂದು ಇನ್ನೊಂದರ ಕೆಲಸ ಮಾಡಲ್ಲ.

ಒಳಗೆ ಹೋದೋರು ಕರೆದ್ರೆ ಓಗೊಡದಿದ್ರೆ ಬಾಗಿಲು ಒಡೆದೇ ಬಿಡಿ. ನಿಮ್ಮ ಮೂಗಿಗೆ ಏನೂ ವಾಸನೆ ಬರಲ್ಲ, ಅದಕ್ಕೆ ಗಾಳಿ ಸರಿ ಇದೆ ಅಂದ್ಕೋಬೇಡಿ, ಉಸಿರು ಬಿಗಿ ಹಿಡಿದು ಎಳ್ಕೊಂಡು ಅಂಗಳಕ್ಕೆ ತನ್ನಿ, ಗ್ಯಾಸ್ ಆಫ್ ಮಾಡಿ, 108ಕ್ಕೆ ಫೋನ್ ಮಾಡಿ. ಎದ್ದು ಕೂತು ಮಾತಾಡಿದ್ರೂ ಆಸ್ಪತ್ರೆಗೆ ಹೋಗಿ ಗೀಸರ್ ಗ್ಯಾಸು ಅಂತ ಬಾಯಿಬಿಟ್ಟು ಹೇಳಿ, ಹೇಳ್ದಿದ್ರೆ ತಲೆಸುತ್ತು ಅಂತ ಗ್ಲೂಕೋಸ್ ಹಾಕಿ ಕಳಿಸೋ ಸಾಧ್ಯತೆ ಇದೆ.

ಗ್ಯಾಸ್ ವಾಸನೆ ಬಂದ್ರೆ

ಸ್ವಿಚ್ ಹಾಕ್ಬೇಡಿ, ಹಾಕಿರೋದನ್ನ ಆರಿಸಲೂ ಬೇಡಿ, ಎರಡ್ರಲ್ಲೂ ಕಿಡಿ ಹಾರುತ್ತೆ. ಇನ್ವರ್ಟರ್, ಎಕ್ಸಾಸ್ಟ್ ಫ್ಯಾನ್ ಸೇರಿ. ರೆಗ್ಯುಲೇಟರ್ ಆಫ್ ಮಾಡಿ, ಬಿಚ್ಚಿ, ದಾರದಲ್ಲಿ ನೇತಾಡ್ತಿರೋ ಮುಚ್ಚಳ ಒತ್ತಿ (ಕಿತ್ತು ಎಸೀಬೇಡಿ ಅಂದಿದ್ದು ಇದಕ್ಕೆ). ಬಾಗಿಲು ಕಿಟಕಿ ತೆಗೀರಿ, ಒಲೆ, ದೇವರ ದೀಪ ಆರಿಸಿ, ಎಲ್ರೂ ಹೊರಗೆ ಬಂದು, ಅಂಗಳ ದಾಟಿದ್ಮೇಲೆ 1906ಕ್ಕೆ ಫೋನ್ ಮಾಡಿ, ಎಲ್‌ಪಿಜಿ ಲೀಕಿಗೆ ಅಂತಾನೇ ಇರೋ ನಂಬರ್, ಹಗಲು ರಾತ್ರಿ ಎತ್ತುತ್ತಾರೆ. ಸಿಗ್ನಲ್ ಸಿಗದ ಊರಿನೋರು ಸಿಗ್ನಲ್ ಸಿಗೋ ದಿಣ್ಣೆಗೆ ಹೋಗೋ ಮುಂಚೆ ಸಿಲಿಂಡರಿಗೆ ಮುಚ್ಚಳ ಹಾಕೋದು ಮರೀಬೇಡಿ.

ಇನ್ನು ಕೊನೇದಾಗಿ, ರೂಮ್ ಬೆಚ್ಚಗಾಗ್ಲಿ ಅಂತ ಸಿಲಿಂಡರಿಗೆ ಸಿಗಿಸೋ ಗ್ಯಾಸ್ ರೂಮ್ ಹೀಟರ್ ಬಗ್ಗೆ ಇತ್ತೀಚೆಗೆ ಜಾಸ್ತಿ ಕೇಳ್ತಿದಾರೆ, ಮನೇಲಿ ವಯಸ್ಸಾದೋರಿದಾರೆ, ಚಳಿ ತಡೆಯಲ್ಲ ಅಂತ. ಹೋಸ್, ರೆಗ್ಯುಲೇಟರ್, ಸೋಪು ನೀರು ಎಲ್ಲ ಮೇಲೆ ಹೇಳಿದ್ದೇ, ವ್ಯತ್ಯಾಸ ಇಲ್ಲ. ಆದ್ರೆ ಗೀಸರ್ ಹತ್ತು ನಿಮಿಷ ಉರಿಯುತ್ತೆ, ಹೀಟರ್ ಗಂಟೆಗಟ್ಟಲೆ, ಅದೂ ನೀವು ಕೂತಿರೋ ಕೋಣೆಯ ಗಾಳೀನೇ ಸುಡ್ತಾ. ಜಗಲಿಯಲ್ಲಿ ಬಾಗಿಲು ತೆಗೆದಿಟ್ಟು ಕೂತಾಗ ಹಾಕ್ಕೊಳ್ಳಿ, ಮಲಗೋ ಕೋಣೆಗೆ ಬೇಡ. ರಾತ್ರಿಗೆ ದಪ್ಪ ಕಂಬಳಿ, ಕಾಲಿಗೆ ಬಿಸಿನೀರಿನ ಬ್ಯಾಗು. ಆ ನೀರು ಬೇಕಾದ್ರೆ ಗೀಸರಿಂದಾನೇ ಹಿಡೀರಿ.